ಹಸಿ ತೂಕ, ಒಣ ತೂಕ

ಅಡಿಕೆಯ ನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ತೂಕವೆಂಬುದು ಎಷ್ಟು ಚಂಚಲವೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟಿಗರು ಕೊಯ್ದು ತಂದ ಹಣ್ಣಡಿಕೆಯನ್ನು ಅಂಗಳದಲ್ಲಿ ಹರವಿ ನಲವತ್ತು ದಿನಗಳಷ್ಟು ಕಾಲ ಬಿಸಿಲಿಗೆ ಒಡ್ಡುತ್ತಾರೆ. ಸುಲಿದು ಚಾಲಿ ಮಾಡುವ ಹೊತ್ತಿಗೆ, ಸಿಪ್ಪೆಯೂ ನೀರೂ ಕಳೆದು, ಮೊದಲಿನ ಭಾರದ ಐದರಲ್ಲೊಂದು ಪಾಲಿನ ಆಸುಪಾಸು ಮಾತ್ರ ಉಳಿದಿರುತ್ತದೆ. ಹಾಗೆಂದು ತೋಟಿಗನು ತನ್ನ ಬೆಳೆಯೆಲ್ಲ ಕರಗಿಹೋಯಿತೆಂದು ತಲೆಯ ಮೇಲೆ ಕೈ ಹೊತ್ತು ಕುಳಿತದ್ದನ್ನು ಯಾರೂ ಕಂಡಿಲ್ಲ. ಹೋದದ್ದು ನೀರು, ಉಳಿದದ್ದು ಅಡಿಕೆ ಎಂಬುದು ಅವನಿಗೆ ಗೊತ್ತು. ಮಳೆಗಾಲದ ಥಂಡಿಯನ್ನು ಹೀರಿ ಅದೇ ಚೀಲ ಕೊಂಚ ಭಾರವಾದರೆ ಅವನು ಹಿಗ್ಗುವುದೂ ಇಲ್ಲ. ಬೂಸು ಹಿಡಿದೀತೆಂದು ಹೆದರುತ್ತಾನೆ. ೧೯೨೩ರಲ್ಲಿ ಶಿರಸಿಯಲ್ಲಿ ಸ್ಥಾಪಿತವಾದ ತೋಟಗಾರರ ಸಹಕಾರಿ ಮಾರಾಟ ಸಂಘದ ಕಾಲದಿಂದ, ಈ ಮೂರು ತಾಲೂಕುಗಳ ಅಡಿಕೆಗೆ ‘ಶಿರಸಿ ಸುಪಾರಿ’ ಎಂಬ ಹೆಸರಿನಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ದೊರೆತ ೨೦೧೯ರವರೆಗೆ, ಮತ್ತು ಇಂದಿಗೂ, ಹಸಿ ತೂಕ ಬೇರೆ, ಒಣ ತೂಕ ಬೇರೆ ಎಂಬುದು ಇಲ್ಲಿ ಮಕ್ಕಳಿಗೂ ತಿಳಿದ ವಿಷಯ.

ಇಷ್ಟು ಬಲ್ಲ ಜನವೇ, ತೂಗಬೇಕಾದದ್ದು ಅಡಿಕೆಯ ಬದಲು ಮನೆಯ ಮಗನಾದಾಗ, ಬಲ್ಲದ್ದನ್ನೆಲ್ಲ ಮರೆತುಬಿಡುತ್ತದೆ.

ಯಲ್ಲಾಪುರ ತಾಲೂಕಿನ ನಂದೊಳ್ಳಿಯ ಒಂದು ಮನೆ. ಹೆಸರು ಬೇಡ, ಇಂತಹ ಮನೆ ಊರಿಗೊಂದಾದರೂ ಇರುತ್ತದೆ. ಆ ಮನೆಯ ಮಾಣಿ ಪಟ್ಟಣದಲ್ಲಿ ಕೆಲಸಕ್ಕಿದ್ದವನು, ಬಿಡದ ಕೆಮ್ಮು ಮತ್ತು ಸಂಜೆಯ ಜ್ವರವನ್ನು ಹೊತ್ತುಕೊಂಡು ಊರಿಗೆ ಬಂದ. ಕಫದ ಪರೀಕ್ಷೆಯಾಯಿತು, ಕ್ಷಯವೆಂದು ತಿಳಿಯಿತು. ಆರು ತಿಂಗಳ ಔಷಧ ಆರಂಭವಾಯಿತು. ಹಿಂದಿನ ಕಾಲದಲ್ಲಾದರೆ ಆ ಹೆಸರು ಕೇಳಿಯೇ ಮನೆಯವರ ಎದೆ ಒಡೆಯುತ್ತಿತ್ತು. ಈಗ ಔಷಧವಿದೆ, ಗುಣವಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದುದರಿಂದ ಮನೆಯವರ ಕಳವಳವೆಲ್ಲ ರೋಗದಿಂದ ಹಿಂದೆ ಸರಿದು ಮಗನ ಮೈಯ ಮೇಲೆ ಬಂದು ನಿಂತಿತು. ಐದು ಅಡಿ ಆರು ಅಂಗುಲದ ಆಳು ನಲವತ್ತೊಂದು ಕಿಲೋ ಕೂಡ ತೂಗುತ್ತಿರಲಿಲ್ಲ. ಅಂಗಿ ಗೂಟಕ್ಕೆ ನೇತುಹಾಕಿದಂತೆ ಕಾಣುತ್ತಿತ್ತು. ಮಗ ಮೈತುಂಬಿಕೊಂಡರೆ ಅವನ ತೂಕದ ಬೆಲ್ಲದಿಂದ ಧರ್ಮಸ್ಥಳದಲ್ಲಿ ತುಲಾಭಾರ ಮಾಡಿಸುವೆನೆಂದು ತಾಯಿ ಹರಕೆ ಹೊತ್ತಳು. ಹರಕೆಯಂತೆ ಬೆಲ್ಲದ ಖರ್ಚು ಹೆಚ್ಚಬೇಕೆಂದು ಮನಸಾರೆ ಬಯಸುವ ಜೀವ ಲೋಕದಲ್ಲಿ ತಾಯಿಯೊಬ್ಬಳೇ ಇರಬೇಕು.

ಔಷಧ ಹಿಡಿದು ಕೆಲವು ವಾರಗಳಲ್ಲಿ ಜ್ವರ ಇಳಿಯಿತು, ಹಸಿವು ಮರಳಿತು. ಮನೆಗೆ ಹೊಸದಾಗಿ ಒಂದು ವಿದ್ಯುನ್ಮಾನ ತಕ್ಕಡಿಯೂ ಬಂತು. ಅದು ಗಾಜಿನ ಹಲಗೆ. ಮೇಲೆ ನಿಂತರೆ ಕೆಂಪು ಅಂಕಿಗಳು ಮಿನುಗುತ್ತವೆ, ಕಿಲೋದ ಹತ್ತನೆಯ ಒಂದು ಪಾಲನ್ನೂ ಬಿಡದೆ ಹೇಳುತ್ತದೆ. ಮೊದಲ ಐದು ದಿನಗಳಲ್ಲಿ ಅದು ಹೇಳಿದ ಸುದ್ದಿ ಕಿವಿಗೆ ಜೇನು ಹೊಯ್ದಂತಿತ್ತು. ೪೦.೯ ಇದ್ದ ತೂಕ ೪೨.೪ ಆಯಿತು. ಐದು ದಿನಕ್ಕೆ ಒಂದೂವರೆ ಕಿಲೋ! ಹೀಗೇ ಹೋದರೆ ಮಳೆಗಾಲದೊಳಗೆ ಮಗ ಪೈಲ್ವಾನನಾಗುವನೆಂದು ಮನೆಯವರು ಲೆಕ್ಕ ಹಾಕಿದರು.

ಆ ಲೆಕ್ಕದಲ್ಲಿ ಮೊದಲ ಮೋಸ ಅಡಗಿತ್ತು. ಮನುಷ್ಯನ ದೇಹವು ಅನ್ನದ ಸಕ್ಕರೆಯ ಒಂದು ಪಾಲನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಕೂಡಿಡುತ್ತದೆ; ನಾಳಿನ ಉಪವಾಸಕ್ಕೆಂದು ಕಣಜದಲ್ಲಿ ಭತ್ತ ತುಂಬುವಂತೆ. ಈ ಸಂಗ್ರಹ ಹೆಚ್ಚೆಂದರೆ ನಾಲ್ಕು ನೂರು, ಐದು ನೂರು ಗ್ರಾಂ. ಆದರೆ ಪ್ರತಿ ಗ್ರಾಮಿನ ಜೊತೆಗೆ ಸುಮಾರು ಮೂರು ಗ್ರಾಂ ನೀರೂ ಕುಳಿತುಕೊಳ್ಳುತ್ತದೆ. ಉಣ್ಣದೆ ಸೊರಗಿದವನು ಉಣ್ಣತೊಡಗಿದ ಕೂಡಲೇ ಬರಿದಾದ ಕಣಜ ತುಂಬುತ್ತದೆ. ಮುನ್ನೂರು ಗ್ರಾಂ ಸಂಗ್ರಹವಾದರೆ ತಕ್ಕಡಿಯಲ್ಲಿ ಒಂದು ಕಿಲೋಗೂ ಮಿಗಿಲಾಗಿ ಕಾಣುತ್ತದೆ. ತುಂಬಿದ ಮೇಲೆ ಅಲ್ಲಿಗೆ ನಿಂತಿತು. ಮೂಳೆಗೆ ಮಾಂಸ ಹತ್ತುವ ನಿಜವಾದ ಕೆಲಸ ಆಗ ಇನ್ನೂ ಮೊದಲಾಗಿರುವುದೇ ಇಲ್ಲ. ತೂಕ ಇಳಿಸಲು ಉಪವಾಸ ಹಿಡಿದ ಪಟ್ಟಣದ ಗೃಹಸ್ಥರಿಗೆ ಮೊದಲ ವಾರ ಎರಡು ಕಿಲೋ ಕಳೆದು, ಆಮೇಲೆ ಮುಳ್ಳು ಅಲುಗದೆ ನಿಲ್ಲುವುದಕ್ಕೂ ಕಾರಣ ಇದೇ. ಅವರಲ್ಲಿ ಕಣಜ ಬರಿದಾಯಿತು, ಇವನಲ್ಲಿ ತುಂಬಿತು, ಅಷ್ಟೇ.

ಎರಡನೆಯ ಮೋಸ ಇನ್ನೂ ಕ್ರೂರವಾದದ್ದು. ಮಾಣಿ ದಿನವೂ ಬೆಳಗ್ಗೆ ತಕ್ಕಡಿ ಏರಿ, ಅಂಕಿಯನ್ನು ಅಡಿಕೆಯ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆಯುತ್ತಿದ್ದ. ಸೋಮವಾರ ೪೨.೪, ಮಂಗಳವಾರ ೪೩.೧, ಬುಧವಾರ ೪೨.೨, ಗುರುವಾರ ೪೨.೯, ಶುಕ್ರವಾರ ೪೨.೦, ಶನಿವಾರ ೪೨.೬, ಭಾನುವಾರ ೪೨.೭. ಒಂದು ದಿನ ಏರಿಕೆ, ಒಂದು ದಿನ ಇಳಿಕೆ. ಅಡುಗೆಮನೆಯಿಂದ ತಾಯಿ, “ಎಷ್ಟಾತು ತಮಾ?” ಎಂದು ಕೂಗುವಳು. ಏರಿದ ದಿನ ದೋಸೆಯ ಮೇಲೆ ಒಂದು ಚಮಚ ತುಪ್ಪ ಹೆಚ್ಚು ಬೀಳುತ್ತಿತ್ತು. ಇಳಿದ ದಿನ ತುಪ್ಪದೊಡನೆ ಕಣ್ಣೀರೂ. ಮರುವಾರದ ಮಂಗಳವಾರ ಅಂಕಿ ೪೨.೩ ಎಂದಿತು. ಹಿಂದಿನ ಮಂಗಳವಾರಕ್ಕಿಂತ ಎಂಟು ನೂರು ಗ್ರಾಂ ಕಡಿಮೆ. ಒಂದು ವಾರವಿಡೀ ಹಾಲು, ಬಾಳೆಹಣ್ಣು, ತುಪ್ಪ, ಹೆಸರಿನ ಪಾಯಸ ತಿಂದು ಗಳಿಸಿದ್ದು ನಷ್ಟ! “ಕಮ್ಮಿ ಆಜು ಆಯಿ” ಎಂದವನೇ ಮಾಣಿ ಆಸರಿಯ ಬಟ್ಟಲನ್ನು ಅತ್ತ ಸರಿಸಿದ. ಮಧ್ಯಾಹ್ನ ಊಟ ಸೇರಲಿಲ್ಲ. ಸಂಜೆಗೆ ಬಾಯಿಬಿಟ್ಟು ಹೇಳಿದ: ಉಂಡದ್ದು ಮೈಗೆ ಹತ್ತುತ್ತಿಲ್ಲವೆಂದಾದರೆ ಔಷಧವೂ ಹತ್ತುತ್ತಿಲ್ಲ; ಸುಮ್ಮನೆ ಆ ಮಾತ್ರೆಗಳನ್ನು ನುಂಗಿ ಹೊಟ್ಟೆ ಕೆಡಿಸಿಕೊಳ್ಳುವುದೇಕೆ?

ಕಿಲೋದ ಕೆಲವು ಅಂಶಗಳ ಆಟ ಎಂದು ನಕ್ಕುಬಿಡಬಹುದಾದ ಸಂಗತಿ ಇಲ್ಲಿಗೆ ಬಂದಾಗ ನಗೆಯಾಗಿ ಉಳಿಯುವುದಿಲ್ಲ. ಕ್ಷಯದ ಔಷಧವನ್ನು ನಡುವೆ ಬಿಟ್ಟವನಲ್ಲಿ ರೋಗ ಮರುಕಳಿಸುತ್ತದೆ. ಆ ಔಷಧಗಳಿಗೆ ಬಗ್ಗದ ಕ್ರಿಮಿಗಳು ತಲೆಯೆತ್ತುವ ಅಪಾಯವಿದೆ. ಆಗ ಚಿಕಿತ್ಸೆ ಕಠಿಣ. ಮನೆಯ ಉಳಿದವರಿಗೂ ಗಂಡಾಂತರ. ತಕ್ಕಡಿಯ ಒಂದು ಸುಳ್ಳು ಅಂಕಿ ಒಬ್ಬನನ್ನು ಅಲ್ಲಿಯವರೆಗೂ ಕೊಂಡೊಯ್ಯಬಲ್ಲುದು.

ಸುಳ್ಳು ಎಂದರೂ ತಪ್ಪಾದೀತು. ತಕ್ಕಡಿ ಸುಳ್ಳು ಹೇಳಿರಲಿಲ್ಲ. ಅದು ಕೇಳಿದ ಪ್ರಶ್ನೆಗೇ ಉತ್ತರ ಕೊಟ್ಟಿತ್ತು. ಈ ಕ್ಷಣ ಹಲಗೆಯ ಮೇಲೆ ಎಷ್ಟು ಭಾರವಿದೆ ಎಂಬುದು ಪ್ರಶ್ನೆ. ಅದರಲ್ಲಿ ಮೂಳೆ, ಮಾಂಸ, ಕೊಬ್ಬುಗಳಿರುವಂತೆ, ಈಗತಾನೆ ಕುಡಿದ ನೀರು, ನಿನ್ನೆ ಉಂಡ ಅನ್ನ, ಇನ್ನೂ ವಿಸರ್ಜಿಸದ ಮಲಮೂತ್ರ, ತೊಟ್ಟ ಬಟ್ಟೆ ಎಲ್ಲವೂ ಸೇರಿರುತ್ತವೆ. ಒಂದು ಲೀಟರು ನೀರಿನ ತೂಕ ಒಂದು ಕಿಲೋ. ಎರಡು ಲೋಟ ಮಜ್ಜಿಗೆ ಕುಡಿದು ತಕ್ಕಡಿ ಏರಿದರೆ ಅರ್ಧ ಕಿಲೋ ‘ಮೈ ಬಂದಿರುತ್ತದೆ’. ಆರೋಗ್ಯವಂತನಾದ ಪ್ರೌಢನ ತೂಕ ಯಾವ ಕಾರಣವೂ ಇಲ್ಲದೆ ದಿನದಿಂದ ದಿನಕ್ಕೆ ಅರ್ಧ ಕಿಲೋ, ಒಂದು ಕಿಲೋ ಆಚೀಚೆಯಾಗುವುದು ಸಹಜ. ಸ್ತ್ರೀಯರಲ್ಲಿ ತಿಂಗಳ ಋತುವಿನ ಮುನ್ನಾದಿನಗಳಲ್ಲಿ ಮೈ ನೀರನ್ನು ಹಿಡಿದಿಟ್ಟುಕೊಂಡು ಇನ್ನೂ ಕೊಂಚ ಹೆಚ್ಚು ತೋರುವುದೂ ಉಂಟು; ತೆಳ್ಳಗಿನ ಹೆಣ್ಣುಮಕ್ಕಳ ಮನೆಗಳಲ್ಲಿ ಇದನ್ನು ತಿಳಿಯದೆ ಪಡುವ ಸಂತೋಷ, ದುಃಖ ಎರಡೂ ವ್ಯರ್ಥ.

ಹಾಗಾದರೆ ಆ ಮೊದಲ ಮಂಗಳವಾರದ ೪೩.೧ ಎಲ್ಲಿಂದ ಬಂತು? ಸೋಮವಾರ ನೆರೆಮನೆಯಲ್ಲಿ ಸತ್ಯನಾರಾಯಣ ವ್ರತ. ಮಾಣಿ ಬಹಳ ದಿನಗಳ ಮೇಲೆ ಪಂಕ್ತಿಯಲ್ಲಿ ಕುಳಿತು ಉಂಡಿದ್ದ. ಅನ್ನ, ಪಾಯಸ, ಕರಿದ ಹಲಸಿನ ಹಪ್ಪಳ. ಅಪ್ಪೆಮಿಡಿಯ ಉಪ್ಪಿನಕಾಯಿಯಂತೂ ಎರಡು ಸಲ. ಉಪ್ಪು ಹೊಟ್ಟೆಗೆ ಹೋದಲ್ಲಿ ನೀರು ಹಿಂದೆಯೇ ಹೋಗುತ್ತದೆ. ರಕ್ತದ ಉಪ್ಪಿನ ಹದವನ್ನು ದೇಹ ಕೆಡಗೊಡುವುದಿಲ್ಲ. ಒಂಬತ್ತು ಗ್ರಾಂ ಉಪ್ಪು ಹೆಚ್ಚಾಗಿ ಉಳಿದರೆ ಅದರ ಹದಕ್ಕೆಂದು ಸುಮಾರು ಒಂದು ಲೀಟರು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೂತ್ರಪಿಂಡಗಳು ಆ ಉಪ್ಪನ್ನು ಒಂದೆರಡು ದಿನಗಳಲ್ಲಿ ಹೊರಹಾಕುತ್ತಲೇ ನೀರೂ ಹೋಗುತ್ತದೆ. ಎರಡನೆಯ ಮಂಗಳವಾರದ ಹಿಂದಿನ ದಿನ ಮಾರ್ಚಿನ ಸುಡುಬಿಸಿಲು. ಅಂಗಳದ ಚಾಲಿಯನ್ನು ಕೈಯಾಡಿಸಲು ತಾನೂ ಹೋಗಿದ್ದ, ಬೆವರಿದ್ದ, ಕುಡಿದ ನೀರು ಸಾಲದಾಗಿತ್ತು. ಒಂದು ಮಂಗಳವಾರ ಉಪ್ಪಿನಕಾಯಿಯದು, ಇನ್ನೊಂದು ಬಿಸಿಲಿನದು. ಎರಡರ ನಡುವೆ ಮಾಂಸದ ಮಾತೇ ಇಲ್ಲ.

ಮನುಷ್ಯ ಕುಳಿತಲ್ಲೇ ಹಗುರವಾಗುತ್ತಾನೆಂಬುದನ್ನು ಮೊದಲು ತೂಗಿ ತೋರಿಸಿದವರಲ್ಲಿ ಇಟಲಿಯ ಪಾಡುವಾದಲ್ಲಿ ಪ್ರಾಧ್ಯಾಪಕನಾಗಿದ್ದ ಸ್ಯಾಂಟೋರಿಯೊ ಎಂಬ ವೈದ್ಯನ (೧೫೬೧–೧೬೩೬) ಹೆಸರು ದೊಡ್ಡದು. ತಕ್ಕಡಿಯ ದಂಡಕ್ಕೆ ತೂಗುಹಾಕಿದ ಕುರ್ಚಿಯಲ್ಲಿ ಕುಳಿತು ಆತ ವರ್ಷಾನುಗಟ್ಟಲೆ ತನ್ನನ್ನೇ ತೂಗಿಕೊಂಡ; ಉಂಡದ್ದನ್ನು ತೂಗಿದ, ಕುಡಿದದ್ದನ್ನು ತೂಗಿದ, ವಿಸರ್ಜಿಸಿದ್ದನ್ನೂ ತೂಗಿದ. ಲೆಕ್ಕ ಸರಿಹೋಗಲೇ ಇಲ್ಲ. ಒಳಗೆ ಹೋದದ್ದಕ್ಕಿಂತ ಕಣ್ಣಿಗೆ ಕಾಣುವಂತೆ ಹೊರಗೆ ಬಂದದ್ದು ಬಹಳ ಕಡಿಮೆ. ದಿನಕ್ಕೆ ಎಂಟು ಪೌಂಡು ಅನ್ನಪಾನಗಳು ಒಳಗೆ ಹೋದರೆ ಐದು ಪೌಂಡು ಕಾಣದ ಬೆವರಾಗಿ ಹೊರಡುತ್ತದೆಂದು ೧೬೧೪ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಆತ ಬರೆದ. ಅಂಕಿಗಳು ಮನುಷ್ಯನಿಂದ ಮನುಷ್ಯನಿಗೆ, ಹವೆಯಿಂದ ಹವೆಗೆ ಬೇರೆಯಾಗುತ್ತವೆ. ಸಂಗತಿ ಮಾತ್ರ ನಿಜ. ಉಸಿರಿನ ಆವಿಯಾಗಿ, ಚರ್ಮದ ಕಾಣದ ತೇವವಾಗಿ, ನಿಶ್ವಾಸದ ಅಂಗಾರಾಮ್ಲವಾಗಿ ದೇಹ ಹಗಲಿರುಳು ಕರಗುತ್ತಲೇ ಇರುತ್ತದೆ. ರಾತ್ರಿ ಮಲಗಿ ಬೆಳಗ್ಗೆ ಎದ್ದವನು ಏನನ್ನೂ ಮಾಡದೆ ಕೆಲವು ನೂರು ಗ್ರಾಂ ಕಳೆದುಕೊಂಡಿರುತ್ತಾನೆ. ಆ ಕಾಲದಲ್ಲಿ ಅಂತಹ ಕುರ್ಚಿ ನಂದೊಳ್ಳಿಯಲ್ಲಿ ಇದ್ದಿದ್ದರೆ ದೃಷ್ಟಿ ತಾಕಿತೆಂದು ಮೆಣಸಿನಕಾಯಿ ನಿವಾಳಿಸದೆ ಬಿಡುತ್ತಿರಲಿಲ್ಲ.

ಹೀಗೆ ಕಿಲೋಗಟ್ಟಲೆ ಬಂದುಹೋಗುವ ನೀರಿನ ನಡುವೆ ನಿಜವಾದ ಮೈ ಎಷ್ಟರ ಮಟ್ಟಿಗೆ ಬೆಳೆಯುತ್ತದೆ? ಇದಕ್ಕೆ ಉತ್ತರ ಹುಡುಕುವಲ್ಲಿ ಕರ್ನಾಟಕದ ವೈದ್ಯರಿಬ್ಬರ ಕೆಲಸವನ್ನು ನೆನೆಯಬೇಕು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಇವರು ಚೆನ್ನೈಯ ರಾಷ್ಟ್ರೀಯ ಕ್ಷಯರೋಗ ಸಂಶೋಧನ ಸಂಸ್ಥೆಯವರೊಡನೆ ಕೂಡಿ ಝಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ ೨,೮೦೦ ಕ್ಷಯರೋಗಿಗಳಿಗೆ ಔಷಧದೊಡನೆ ತಿಂಗಳಿಗೆ ಹತ್ತು ಕಿಲೋ ಆಹಾರಸಾಮಗ್ರಿಯನ್ನೂ ಕೊಡಿಸಿ ಅವರ ತೂಕವನ್ನು ಗಮನಿಸುತ್ತ ಹೋದರು. ಆ ರೋಗಿಗಳಲ್ಲಿ ಐವರಿಗೆ ನಾಲ್ವರಿಗಿಂತ ಹೆಚ್ಚು ಮಂದಿ ಅಪೌಷ್ಟಿಕತೆಯಿಂದ ಸೊರಗಿದವರು. ೨೦೨೩ರಲ್ಲಿ ‘ಲ್ಯಾನ್ಸೆಟ್’ ಬಳಗದ ವೈದ್ಯಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಮೊದಲ ಎರಡು ತಿಂಗಳಲ್ಲಿ ತೂಕ ನೂರಕ್ಕೆ ಐದರಷ್ಟು ಏರಿದವರಲ್ಲಿ ಸಾವಿನ ಸಂಭವ ನೂರಕ್ಕೆ ಅರವತ್ತೊಂದರಷ್ಟು ಕಡಿಮೆ. ನೂರಕ್ಕೆ ಒಂದರಷ್ಟು ಏರಿಕೆಯೂ ಲೆಕ್ಕಕ್ಕೆ ಬಂತು. ಅಲ್ಲಿ ಸಾವಿನ ಸಂಭವ ನೂರಕ್ಕೆ ಹದಿಮೂರರಷ್ಟು ತಗ್ಗಿತ್ತು.

ಮೈ ಏರುವುದೆಂದರೆ ಬರಿಯ ಅಂದದ ಮಾತಲ್ಲ, ಪ್ರಾಣದ ಮಾತು ಎಂಬುದು ಇದರಿಂದ ತಿಳಿಯುತ್ತದೆ. ತಾಯಿಯ ಕಳವಳ ಸುಳ್ಳಲ್ಲ. ಆದರೆ ಆ ಅಂಕಿಯನ್ನು ನಂದೊಳ್ಳಿಯ ಮನೆಗೆ ತಂದು ನೋಡಬೇಕು. ನಲವತ್ತೆರಡು ಕಿಲೋದ ಮನುಷ್ಯನಿಗೆ ನೂರಕ್ಕೆ ಐದೆಂದರೆ ೨.೧ ಕಿಲೋ. ಅರವತ್ತು ದಿನಗಳಿಗೆ ಹಂಚಿದರೆ ದಿನಕ್ಕೆ ಮೂವತ್ತೈದು ಗ್ರಾಂ. ಜೀವ ಉಳಿಸುವ ಏರಿಕೆಯ ದಿನದ ಪಾಲು ಒಂದು ಲಿಂಬೆಹಣ್ಣಿನಷ್ಟು! ನೂರಕ್ಕೆ ಒಂದೆಂದರೆ ೪೨೦ ಗ್ರಾಂ. ಎರಡು ಲೋಟ ನೀರಿಗಿಂತ ಕಡಿಮೆ. ಒಂದು ಊಟದ ಉಪ್ಪಿನಕಾಯಿ ಎಂಟು ನೂರು ಗ್ರಾಮಿನ ಅಲೆಯೆಬ್ಬಿಸುವಲ್ಲಿ, ಆ ಮೂವತ್ತೈದು ಗ್ರಾಮನ್ನು ಬೆಳಗಿನ ಒಂದು ಅಂಕಿಯಲ್ಲಿ ಹುಡುಕುವುದು ಉಕ್ಕಿದ ಹೊಳೆಯಲ್ಲಿ ಒಂದು ಚೊಂಬು ನೀರು ಸುರಿದು ಮಟ್ಟ ಏರಿತೇ ಎಂದು ನೋಡಿದಂತೆ.

ಆ ಲೆಕ್ಕವನ್ನು ಬಿಡಿಸಿದವನು ಮನೆಯ ಅಜ್ಜ. ವೈದ್ಯಶಾಸ್ತ್ರದ ಗಂಧ ಅವನಿಗಿರಲಿಲ್ಲ. ಅಡಿಕೆಯ ಲೆಕ್ಕದ ಪುಸ್ತಕ ಅವನದು, ಹಿಂದಿನ ಹಾಳೆಯಲ್ಲಿ ಮೊಮ್ಮಗ ಏನು ಗೀಚುತ್ತಿದ್ದಾನೆಂಬ ಕುತೂಹಲದಿಂದ ತೆರೆದು ನೋಡಿದ. ಒಂದು ಚೀಲದಿಂದ ಮಾದರಿ ತೆಗೆದು ರಾಶಿಯ ಬೆಲೆ ಕಟ್ಟುವ ವ್ಯಾಪಾರಿಗೆ ಅವನು ಎಂದೂ ಒಪ್ಪಿದವನಲ್ಲ. ಮೊದಲ ವಾರದ ಏಳು ಅಂಕಿಗಳನ್ನು ಕೂಡಿಸಿದ: ೨೯೭.೯. ಏಳರಿಂದ ಭಾಗಿಸಿದರೆ ೪೨.೫೬. ಎರಡನೆಯ ವಾರ ಮುಗಿಯುವವರೆಗೂ ಬರೆಸಿದ: ೪೨.೬, ೪೨.೩, ೪೩.೨, ೪೨.೯, ೪೨.೫, ೪೩.೪, ೪೨.೮. ಮೊತ್ತ ೨೯೯.೭, ಸರಾಸರಿ ೪೨.೮೧. ಎರಡು ವಾರಗಳ ನಡುವೆ ಕಾಲು ಕಿಲೋದ ಏರಿಕೆ; ದಿನಕ್ಕೆ ಮೂವತ್ತಾರು ಗ್ರಾಮಿನಷ್ಟು. ಯಾವ ಮಂಗಳವಾರದ ಅಂಕಿ ಮಾಣಿಯ ಊಟ ಕೆಡಿಸಿತ್ತೋ ಆ ಮಂಗಳವಾರವೂ ಏರುತ್ತಿದ್ದ ವಾರದಲ್ಲೇ ಇತ್ತು.

ಸರಾಸರಿಗೆ ಈ ಶಕ್ತಿ ಬರುವುದು ಸರಳವಾದ ಕಾರಣದಿಂದ. ನೀರು ಬರುತ್ತದೆ, ಹೋಗುತ್ತದೆ. ಏಳು ದಿನಗಳನ್ನು ಕೂಡಿಸಿದಾಗ ಅದರ ಏರಿಳಿತಗಳು ಒಂದನ್ನೊಂದು ಬಹುಮಟ್ಟಿಗೆ ತಿಂದುಹಾಕುತ್ತವೆ. ಮಾಂಸ ಬಂದದ್ದು ಹಾಗೆ ಹೋಗುವುದಿಲ್ಲ; ಅದು ದಿನದಿನವೂ ಮೇಲೆ ಮೇಲೆ ಕೂಡುತ್ತದೆ. ದಿನವೂ ತೂಗುವ ತಾಳ್ಮೆ ಇಲ್ಲದವರು, ಅಥವಾ ಅಂಕಿ ಕಂಡೊಡನೆ ಮನಸ್ಸು ಕೆಡುವವರು, ವಾರಕ್ಕೊಮ್ಮೆ ತೂಗಿ ನಾಲ್ಕು ವಾರಗಳನ್ನು ಒಟ್ಟಾಗಿ ನೋಡಿದರೂ ಸಾಕು. ತೂಗುವುದು ಮಾತ್ರ ಒಂದೇ ಕ್ರಮದಲ್ಲಿರಬೇಕು: ಬೆಳಗ್ಗೆ ಎದ್ದು ಶೌಚ ಮುಗಿಸಿ, ಏನನ್ನೂ ಕುಡಿಯುವ ಮೊದಲು, ಹಗುರವಾದ ಅದೇ ಉಡುಪಿನಲ್ಲಿ. ತಕ್ಕಡಿಯನ್ನು ಚಾಪೆಯ ಮೇಲೆ, ಏರುತಗ್ಗಿನ ಹಳೆಯ ನೆಲದ ಮೇಲೆ ಇಟ್ಟರೆ ಅಂಕಿ ತಪ್ಪುತ್ತದೆ. ಗಟ್ಟಿಯಾದ ಸಮನೆಲದ ಒಂದು ಮೂಲೆಯನ್ನು ಅದಕ್ಕೆಂದೇ ಬಿಟ್ಟುಕೊಡುವುದು ಲೇಸು. ಆಸ್ಪತ್ರೆಯ ತಕ್ಕಡಿಯ ಅಂಕಿಗೂ ಮನೆಯದಕ್ಕೂ ತಾಳೆ ಹಾಕಿ ಕೊರಗುವುದು ಬೇಡ. ಅಡಿಕೆ ತೂಗುವ ಕಾಟಾದ ಮೇಲೆ ಮಕ್ಕಳನ್ನು ನಿಲ್ಲಿಸುವುದು ವಿನೋದಕ್ಕೆ ಸರಿ, ಲೆಕ್ಕಕ್ಕಲ್ಲ.

ದಿನದ ಆ ಮೂವತ್ತೈದು ಗ್ರಾಂ ಬರುವುದಕ್ಕೆ ತಿನ್ನಬೇಕಾದದ್ದೂ ಬೆಟ್ಟದಷ್ಟಲ್ಲ. ಒಂದು ಕಿಲೋ ಮೈ ಬೆಳೆಯಲು ಏಳು ಸಾವಿರ ಕ್ಯಾಲೊರಿಯ ಆಸುಪಾಸು ಹೆಚ್ಚುವರಿ ಆಹಾರ ಬೇಕೆಂಬ ಸ್ಥೂಲ ಲೆಕ್ಕದಂತೆ ದಿನಕ್ಕೆ ಸುಮಾರು ಇನ್ನೂರೈವತ್ತು; ಎಂದರೆ ನಿತ್ಯದ ಊಟದ ಮೇಲೆ ಒಂದು ಲೋಟ ಹಾಲು, ಒಂದು ಬಾಳೆಹಣ್ಣು. ರೋಗದಿಂದೆದ್ದವನಿಗೆ ಇದಕ್ಕೂ ಹೆಚ್ಚು ಬೇಕಾದೀತು, ಕೊಬ್ಬಿನೊಡನೆ ಮಾಂಸವೂ ಬೆಳೆಯಬೇಕಾದರೆ ಹೆಸರು, ಉದ್ದು, ಶೇಂಗಾ, ಮೊಸರುಗಳೂ, ತಿನ್ನುವ ಮನೆಗಳಲ್ಲಿ ಮೊಟ್ಟೆ ಮೀನುಗಳೂ ಬೇಕು. ಏರಿದ ದಿನ ತುಪ್ಪ, ಇಳಿದ ದಿನ ಉಪವಾಸ ಎಂಬ ಪದ್ಧತಿಯಲ್ಲಿ ಮಾತ್ರ ಅದು ಬಾರದು. ಕ್ಷಯರೋಗಿಗಳ ಆಹಾರಕ್ಕೆಂದು ಸರಕಾರ ಏಪ್ರಿಲ್ ೨೦೧೮ರಿಂದ ತಿಂಗಳಿಗೆ ಐನೂರು ರೂಪಾಯಿ ಕೊಡತೊಡಗಿತು. ನವೆಂಬರ್ ೨೦೨೪ರಿಂದ ಅದನ್ನು ಸಾವಿರಕ್ಕೆ ಏರಿಸಲಾಯಿತು. ಅನುಕೂಲವಂತರು ಅದನ್ನು ಕೇಳಿ ಪಡೆಯಲು ಸಂಕೋಚಪಡುವುದುಂಟು. ಸಂಕೋಚಕ್ಕೆ ಅಲ್ಲಿ ಏನೂ ಕಾರಣವಿಲ್ಲ.

ಆದರೆ ತೂಕವೇ ಸರ್ವಸ್ವವೆಂದು ತಿಳಿಯುವುದೂ ಸರಿಯಲ್ಲ. ಮಾಣಿಯ ಆ ಸಂಜೆಯ ತರ್ಕಕ್ಕೆ, ಮೈ ಬಾರದಿದ್ದರೆ ಔಷಧ ಹತ್ತಿಲ್ಲವೆಂಬ ತರ್ಕಕ್ಕೆ, ಬಹಳ ಹಿಂದೆಯೇ ಉತ್ತರ ದೊರಕಿದೆ. ಮದರಾಸಿನ ಕ್ಷಯ ಚಿಕಿತ್ಸಾ ಸಂಶೋಧನ ಕೇಂದ್ರದವರು ೧೯೩ ಮಂದಿ ರೋಗಿಗಳನ್ನು ಎರಡು ಪಂಗಡ ಮಾಡಿ, ಒಂದನ್ನು ಆರೋಗ್ಯಧಾಮದಲ್ಲಿರಿಸಿ, ಇನ್ನೊಂದನ್ನು ಅವರವರ ಬಡ ಮನೆಗಳಲ್ಲೇ ಬಿಟ್ಟು, ಇಬ್ಬರಿಗೂ ಒಂದು ವರ್ಷ ಅದೇ ಔಷಧಗಳನ್ನು ಕೊಟ್ಟರು. ೧೯೫೯ರಲ್ಲಿ ಫಲಿತಾಂಶ ಹೊರಬಂತು. ಒಳ್ಳೆಯ ಊಟ, ವಿಶ್ರಾಂತಿಗಳ ಆರೋಗ್ಯಧಾಮದವರು ಹೆಚ್ಚು ಮೈ ಬಂದರು. ಮನೆಯವರಿಗೆ ಅಷ್ಟು ಮೈ ಬರಲಿಲ್ಲ. ಆದರೆ ರೋಗ ಗುಣವಾದುದರಲ್ಲಿ ಇಬ್ಬರಿಗೂ ಹೇಳಿಕೊಳ್ಳುವಂತಹ ಅಂತರವಿರಲಿಲ್ಲ. ಕ್ರಿಮಿಯನ್ನು ಕೊಲ್ಲುವುದು ಔಷಧ. ಅದು ತಕ್ಕಡಿಯನ್ನು ಕೇಳಿ ಕೆಲಸ ಮಾಡುವುದಿಲ್ಲ. ಕ್ರಿಮಿ ಸತ್ತಿತೋ ಇಲ್ಲವೋ ಎಂಬುದನ್ನು ಹೇಳಬೇಕಾದದ್ದು ಕಫದ ಪರೀಕ್ಷೆ. ಮದರಾಸಿನ ಪಾಠವೂ ಝಾರ್ಖಂಡದ ಪಾಠವೂ ಒಂದನ್ನೊಂದು ಹೊಡೆದುಹಾಕುವುದಿಲ್ಲ. ಮಾತ್ರೆ ತಪ್ಪಿಸಬಾರದೆಂದು ಒಂದು ಹೇಳಿದರೆ, ಎಲುಬಿನ ಗೂಡಾದವನಿಗೆ ಮಾತ್ರೆಯೊಂದೇ ಸಾಲದೆಂದು ಇನ್ನೊಂದು ಹೇಳುತ್ತದೆ.

ಏರಿಕೆಯೆಲ್ಲ ಲಾಭವೂ ಅಲ್ಲ. ಎರಡು ಮೂರು ದಿನಗಳಲ್ಲಿ ಎರಡು ಕಿಲೋ ಏರಿ, ಕಾಲು ಊದಿ, ಹೆಬ್ಬೆರಳಿನಿಂದ ಒತ್ತಿದಲ್ಲಿ ಕುಳಿ ಉಳಿದರೆ, ಅಥವಾ ಮೆಟ್ಟಿಲೇರುವಾಗ ಏದುಸಿರು ಬಂದರೆ, ಅದು ನೀರು ತುಂಬಿದ ಲಕ್ಷಣ. ಹೃದಯ, ಮೂತ್ರಪಿಂಡ, ಯಕೃತ್ತುಗಳನ್ನು ವೈದ್ಯರು ನೋಡಬೇಕು. ವಾರದ ಸರಾಸರಿಯೇ ಮೂರು ನಾಲ್ಕು ವಾರ ಕೆಳಮುಖವಾಗಿದ್ದರೆ ಅದನ್ನು ನೀರಿನಾಟವೆಂದು ತಳ್ಳಿಹಾಕಕೂಡದು. ಉಂಡರೂ ಸೊರಗುವವರಲ್ಲಿ ಸಕ್ಕರೆ ಕಾಯಿಲೆ ಇರಬಹುದು, ಥೈರಾಯ್ಡ್ ಗ್ರಂಥಿಯ ತೊಂದರೆ ಇರಬಹುದು. ಎರಡು ವಾರ ಮೀರಿದ ಕೆಮ್ಮಿದ್ದರೆ ಕಫದ ಪರೀಕ್ಷೆ ಆಗಲೇಬೇಕು.

ನಂದೊಳ್ಳಿಯ ಆ ಮನೆಯಲ್ಲಿ ಮಾತ್ರೆ ತಪ್ಪಲಿಲ್ಲ. ಭಾಗಾಕಾರ ಭಾನುವಾರದ ಮಧ್ಯಾಹ್ನದ ಕೆಲಸವಾಯಿತು. ತಾಯಿಗೆ ವಾರದ ಅಂಕಿಯನ್ನು ಮಾತ್ರ ಹೇಳಬೇಕೆಂದು ಅಜ್ಜ ಕಟ್ಟಪ್ಪಣೆ ಮಾಡಿದ. ಐದನೆಯ ವಾರ ನೆಗಡಿ ಬಂದು ಸರಾಸರಿ ಇದ್ದಲ್ಲೇ ನಿಂತಿತು. ಎಂಟನೆಯ ವಾರದ ಸರಾಸರಿ ೪೪.೨. ಅದನ್ನು ಬರೆದ ಭಾನುವಾರ ಬೆಳಗಿನ ತೂಕ ಮಾತ್ರ ಶನಿವಾರಕ್ಕಿಂತ ಅರ್ಧ ಕಿಲೋ ಕಡಿಮೆ ಇತ್ತು.